ಮಹಾಮಾರಿಯೂ ಕಂಕನಾಡಿಯ ದವಾಖಾನೆಯೂ

೧

ನಮ್ಮ ಗದಗ ಸೀಮೆಯು ಎರೆಯ ನೆಲದ ಸೀಮೆಯಾಗಿದೆ. ಅಂತೂರು ಬೆಂತೂರುಗಳ ಕಡೆಗಾಗಲಿ, ಲಕ್ಷ್ಮೇಶ್ವರ ಶಿರಹಟ್ಟಿಗಳ ದಾರಿಯಲ್ಲಾಗಲಿ ಸಂಚರಿಸಿದವರಿಗೆ ಜೋಳ ಹತ್ತಿಗಳ ಹೊಲಗಳು ಕಣ್ಣು ಹರಿಯುವಷ್ಟು ದೂರ ಹಬ್ಬಿರುವುದೂ, ಅವುಗಳ ನಡುವೆ ಊರೆಂಬುದು ಗೋಡೆಗೆ ಗೋಡೆ ಹೊಂದಿಸಿ ಕಟ್ಟಿದ ಮನೆಗಳ ಒಂದು ಗುಂಪಾಗಿ ನಿಂತಿರುವುದೂ ಪರಿಚಿತವಾದ ನೋಟವೇ. ಒಂದೊಂದು ಮನೆಯಲ್ಲಿ ಧಾನ್ಯದ ಹಗೇವು, ದನಕರುಗಳ ಕೊಟ್ಟಿಗೆ, ಅಡುಗೆಯ ಒಲೆ ಎಲ್ಲವೂ ಒಂದೇ ಮಾಳಿಗೆಯ ಆಸರೆಯಲ್ಲಿ ಇರುತ್ತಿದ್ದವು. ಇಂಥ ಊರುಗಳ ಜನರು ಮನೆಗಳಿಗೆ ಕದವಿಕ್ಕಿ, ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಾಲ ಕಳೆದ ದಿನಗಳಿದ್ದವು. ‘ಇಲಿ ಬಿತ್ತು’ ಎಂಬ ಎರಡು ಶಬ್ದಗಳು ಕಿವಿಗೆ ಬಿದ್ದರೆ ಸಾಕು, ಊರು ಬರಿದಾಗುತ್ತಿತ್ತು. ಅದೇ ಪ್ಲೇಗಿನ ಕಾಲ.

ಆ ಕಾಲದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಎರಡು ಪಕ್ಷಗಳನ್ನು ಮಾತ್ರ ಕಾಣುತ್ತಾರೆ. ಒಂದು, ಕಾನೂನನ್ನೂ ಪೋಲೀಸರನ್ನೂ ಕಟ್ಟಿಕೊಂಡು ಬಂದ ಸರಕಾರ. ಮತ್ತೊಂದು, ಅಂಜಿ ಅವಿತುಕೊಂಡ ಪ್ರಜೆ. ಇವೆರಡರ ನಡುವೆ ಮೂರನೆಯದೊಂದು ಇತ್ತು. ಅದು ಓಣಿ, ಮಠ, ಮಸೀದೆ, ಇಗರ್ಜಿ ಎಂಬಿವುಗಳ ಸುತ್ತ ಬೆಳೆದಿದ್ದ ನೆರೆಹೊರೆಯ ಬಂಧನ. ರೋಗಿಯ ಬಾಯಿಗೆ ನೀರು ಹಾಕುವವರಾರು, ಹೆಣಕ್ಕೆ ಹೆಗಲು ಕೊಡುವವರಾರು, ಉಳಿದ ಮಕ್ಕಳಿಗೆ ಅನ್ನ ಇಕ್ಕುವವರಾರು ಎಂಬ ಪ್ರಶ್ನೆಗಳಿಗೆ ಉತ್ತರವು ಸರಕಾರದ ಗೆಜೆಟಿನಲ್ಲಿ ಸಿಕ್ಕುವುದಿಲ್ಲ. ಈ ಬಂಧನದಲ್ಲಿಯೇ ಅದನ್ನು ಹುಡುಕಬೇಕು. ಕರ್ನಾಟಕದ ಒಂದು ಚಿಕ್ಕ ಸಮಾಜವಾದ ತುಳುನಾಡಿನ ಕ್ಯಾಥೊಲಿಕ ಕ್ರೈಸ್ತರು ಈ ಪ್ರಶ್ನೆಗೆ ತಮ್ಮ ರೀತಿಯಲ್ಲಿ ಹೇಗೆ ಉತ್ತರ ಕೊಟ್ಟರೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು. ಘಟ್ಟದ ಮೇಲಿನ ನಮಗೆ ಕಡಲ ಕರೆಯ ಸಂಗತಿಯಿಂದ ಏನಾಗಬೇಕೆಂದು ಯಾರಾದರೂ ಕೇಳಬಹುದು. ಬೇನೆಯು ಘಟ್ಟದ ಮೇಲೆ ಕೆಳಗೆ ಎಂಬ ಭೇದವನ್ನು ಎಣಿಸಲಿಲ್ಲವೆಂಬುದೇ ಅದಕ್ಕೆ ಉತ್ತರ.

೨

ಪ್ಲೇಗು ಹಿಂದುಸ್ಥಾನಕ್ಕೆ ಬಂದದ್ದು ಮುಂಬಯಿ ಬಂದರದ ಮೂಲಕವಾಗಿ. ೧೮೯೬ನೆಯ ಸಪ್ಟೆಂಬರದಲ್ಲಿ ಮಾಂಡವಿ ಭಾಗದ ಒತ್ತಾದ ಚಾಳುಗಳಲ್ಲಿ ಜನರು ಜ್ವರದಿಂದಲೂ ತೊಡೆಸಂದು ಕಂಕುಳಗಳ ಗಂಟುಗಳಿಂದಲೂ ಸಾಯತೊಡಗಿದಾಗ, ಇದು ಪ್ಲೇಗೇ ಸರಿ ಎಂದು ಮೊದಲು ಗುರುತಿಸಿ ಹೇಳಿದವರು ಅಕಾಸಿಯೊ ಗೇಬ್ರಿಯೆಲ್ ವಿಯೆಗಾಸ್ ಎಂಬ ವೈದ್ಯರು. ಇವರು ಗೋವೆಯ ಕ್ಯಾಥೊಲಿಕ ಮನೆತನದವರು. ಮುಂದೆ ಮುಂಬಯಿ ನಗರಸಭೆಯ ಅಧ್ಯಕ್ಷರೂ ಆದರು. ವ್ಯಾಪಾರ ಕೆಟ್ಟೀತೆಂಬ ಭಯದಿಂದ ಅನೇಕರು ಅವರ ಮಾತನ್ನು ನಂಬಲು ಒಪ್ಪಲಿಲ್ಲ. ಆದರೆ ಬೇನೆಯು ಒಪ್ಪಿಗೆಯನ್ನು ಕಾಯದೆ ಹರಡಿತು.

೧೮೯೭ನೆಯ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನು ಜಾರಿಗೆ ಬಂತು. ಅದರ ಬಲದಿಂದ ಅಧಿಕಾರಿಗಳು ಮನೆಗಳನ್ನು ಶೋಧಿಸಬಹುದಾಗಿತ್ತು, ರೋಗಿಗಳನ್ನು ಎಳೆದೊಯ್ದು ಬೇರೆ ಇಡಬಹುದಾಗಿತ್ತು, ಪ್ರಯಾಣಿಕರನ್ನು ರೈಲಿನಿಂದ ಇಳಿಸಿ ಪರೀಕ್ಷಿಸಬಹುದಾಗಿತ್ತು. ಪುಣೆಯಲ್ಲಿ ಸೋಜಿರರು ಮನೆಗಳನ್ನು ಹೊಕ್ಕ ರೀತಿಯೂ, ಅದೇ ವರುಷದ ಜೂನ ೨೨ರಂದು ರ್ಯಾಂಡ ಸಾಹೇಬನ ಮೇಲೆ ಗುಂಡು ಹಾರಿದುದೂ ಎಲ್ಲರೂ ಓದಿದ ಸಂಗತಿಗಳು. ರೋಗಕ್ಕಿಂತಲೂ ರೋಗನಿವಾರಣೆಯ ಉಪಾಯಗಳಿಗೇ ಜನರು ಹೆಚ್ಚು ಅಂಜುವ ಕಾಲ ಬಂತು. ಮನೆಯಲ್ಲಿ ಬೇನೆ ಬಿದ್ದವರನ್ನು ಮುಚ್ಚಿಟ್ಟರು. ಸತ್ತವರನ್ನು ರಾತ್ರಿಯ ಹೊತ್ತಿನಲ್ಲಿ ಗುಟ್ಟಾಗಿ ಸಾಗಿಸಿದರು. ಹೀಗೆ ಮುಚ್ಚಿಟ್ಟುದರಿಂದಲೇ ಬೇನೆಯು ಇನ್ನಷ್ಟು ಬೆಳೆಯಿತು.

ನಮ್ಮ ಧಾರವಾಡ ಸೀಮೆಗೆ ಈ ಮಾರಿಯು ಬಂದದ್ದು ಮುಖ್ಯವಾಗಿ ರೈಲಿನ ದಾರಿಯಿಂದ. ಹುಬ್ಬಳ್ಳಿಯು ಸದರ್ನ ಮರಾಠಾ ರೈಲ್ವೆಯ ಕಾರಖಾನೆಯ ಊರು. ಗದಗು ಅದೇ ರೈಲ್ವೆಯ ಕೂಡುದಾರಿ ಮತ್ತು ಹತ್ತಿಯ ಪೇಟೆ. ಜನ, ಧಾನ್ಯದ ಚೀಲ, ಹತ್ತಿಯ ಅಂಡಿಗೆ ಇವುಗಳ ಸಂಗಡ ಇಲಿಗಳೂ ಚಿಕ್ಕಾಡುಗಳೂ ಪ್ರಯಾಣ ಮಾಡಿದವು. ಇಲಿಯ ಮೈಮೇಲಿನ ಚಿಕ್ಕಾಡೇ ಬೇನೆಯನ್ನು ಮನುಷ್ಯರಿಗೆ ದಾಟಿಸುವುದೆಂದು ಸಿಮೋಂ ಎಂಬ ಫ್ರೆಂಚ ವೈದ್ಯರು ೧೮೯೮ರಲ್ಲಿ ಕಂಡುಹಿಡಿದರೂ ಅದನ್ನು ಲೋಕವು ನಂಬಲು ಮತ್ತೂ ಕೆಲವು ವರುಷಗಳು ಬೇಕಾದವು. ವಿಚಾರಿಸಿ ನೋಡಿದರೆ, ಊರು ಬಿಟ್ಟು ಹೊಲಕ್ಕೆ ಹೋಗುವ ನಮ್ಮ ರೈತರ ಹೊರಬೀಡು ಆ ಶೋಧಕ್ಕೆ ಸರಿಯಾಗಿಯೇ ಇತ್ತು. ಇಲಿ ಬಿದ್ದ ಮನೆಯಲ್ಲಿ ಇರಬಾರದೆಂಬುದನ್ನು ಅವರು ಶಾಸ್ತ್ರವನ್ನೋದದೆ ತಿಳಿದಿದ್ದರು.

೧೮೯೮ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗು ಮೂರೂ ಊರುಗಳಲ್ಲಿ ಹಾಫ್ಕಿನ್ ಪಂಡಿತರ ಹೊಸ ಚುಚ್ಚುಮದ್ದಿನ ಪ್ರಯೋಗವು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರಿಗೆ ಚುಚ್ಚಿಸಿದನು. ಧಾರವಾಡದ ಕಡೆಯಲ್ಲಿ ಆಲಿಸ್ ಕೋರ್ಥಾರ್ನ್ ಎಂಬ ವೈದ್ಯೆಯೂ ಈ ಕಾರ್ಯದಲ್ಲಿ ದುಡಿದಳು. ಆ ವರುಷದ ಆಗಸ್ಟದಲ್ಲಿ ಬೇನೆಯು ಹುಬ್ಬಳ್ಳಿಯಿಂದ ರೈಲಿನ ಮೂಲಕ ಬೆಂಗಳೂರನ್ನು ಸೇರಿತು. ೧೮೯೬ ಮೊದಲ್ಗೊಂಡು ಮುಂದಿನ ಮೂರು ದಶಕಗಳಲ್ಲಿ ಈ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನರು ಪ್ಲೇಗಿಗೆ ಬಲಿಯಾದರು. ಮಂಗಳೂರನ್ನು ಅದು ಮುಟ್ಟಿದ್ದು ೧೯೦೨ರಲ್ಲಿ.

೩

ಮಂಗಳೂರಿನ ಕ್ಯಾಥೊಲಿಕ ಸಮಾಜದ ರಚನೆಯನ್ನು ತಿಳಿಯದೆ ಅಲ್ಲಿ ೧೯೦೨ರಲ್ಲಿ ನಡೆದುದು ಅರ್ಥವಾಗಲಾರದು. ಈ ಜನರ ಹಿರಿಯರು ಬಹುಮಟ್ಟಿಗೆ ಗೋವೆಯಿಂದ ಬೇರೆ ಬೇರೆ ಕಾಲಗಳಲ್ಲಿ ಕೆನರಾ ಸೀಮೆಗೆ ಬಂದು ನೆಲಸಿದ ಕೊಂಕಣಿ ಮಾತಿನ ಒಕ್ಕಲಿಗರು. ಮನೆಯಲ್ಲಿ ಕೊಂಕಣಿ, ನೆರೆಯವರೊಡನೆ ತುಳು, ಶಾಲೆ ಕಚೇರಿಗಳಲ್ಲಿ ಕನ್ನಡ; ಕೊಂಕಣಿಯನ್ನು ಬರೆಯುವುದೂ ಕನ್ನಡ ಲಿಪಿಯಲ್ಲಿಯೇ. ಮಂಗಳೂರಿನ ರೊಜಾರಿಯೊ ಇಗರ್ಜಿಯು ೧೫೬೮ರಷ್ಟು ಹಳೆಯದು.

೧೭೮೪ರಲ್ಲಿ ಟಿಪ್ಪೂ ಸುಲ್ತಾನನು ಈ ಜನರನ್ನು, ಅವರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಸಾಮೂಹಿಕವಾಗಿ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಇಗರ್ಜಿಗಳು ನೆಲಸಮವಾದವು, ಪಾದ್ರಿಗಳು ಗೋವೆಗೆ ಅಟ್ಟಲ್ಪಟ್ಟರು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಲ್ಲಿ ವಾದವಿದ್ದರೂ, ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹು ಜನರು ಮಡಿದರೆಂಬುದರಲ್ಲಿ ಸಂದೇಹವಿಲ್ಲ. ೧೭೯೯ರಲ್ಲಿ ಪಟ್ಟಣವು ಬಿದ್ದ ಬಳಿಕ ಉಳಿದವರು ಘಟ್ಟವಿಳಿದು ತಿರುಗಿ ಬಂದರು. ಆಗ ಅವರಿಗೆ ಭೂಮಿಯಿರಲಿಲ್ಲ, ಇಗರ್ಜಿಯಿರಲಿಲ್ಲ, ಪಾದ್ರಿಗಳೂ ವಿರಳ. ಹೀಗೆ ಬರಿಗೈಯಲ್ಲಿ ನಿಂತ ಸಮಾಜವು ತನ್ನನ್ನು ತಾನೇ ಕಟ್ಟಿಕೊಳ್ಳಬೇಕಾಯಿತು.

ಹೀಗೆ ಕಟ್ಟಿಕೊಂಡ ವ್ಯವಸ್ಥೆಯ ಕೀಲು ಎಂದರೆ ‘ಗುರ್ಕಾರ’ನು. ತುಳುನಾಡಿನ ಇತರ ಕುಲಗಳಲ್ಲಿಯೂ ಗುರಿಕಾರನೆಂಬ ಹಿರಿಯನಿರುವನಷ್ಟೆ. ಕ್ರೈಸ್ತರಲ್ಲಿ ಒಂದೊಂದು ಇಗರ್ಜಿಯ ಹರಹು ಕೆಲವು ‘ವಾಡೊ’ಗಳಾಗಿ ಹಂಚಿ, ವಾಡೊ ಒಂದಕ್ಕೆ ಒಬ್ಬ ಗುರ್ಕಾರನಿರುವನು. ಮನೆಮನೆಯ ಸುದ್ದಿ ಅವನಿಗೆ ಗೊತ್ತು. ಜಗಳ ಬಂದರೆ ಮೊದಲು ಅವನ ಮುಂದೆ. ನಿಶ್ಚಿತಾರ್ಥಕ್ಕೂ ಮದುವೆಗೂ ಅವನ ಸನ್ನಿಧಿ ಬೇಕು. ಮನೆಯಲ್ಲಿ ಮರಣವಾದರೆ ಮೊದಲು ಸುದ್ದಿ ಹೋಗುವುದು ಅವನಿಗೆ. ಪಾದ್ರಿಯು ಮಠದ ಸ್ವಾಮಿಗಳಂತೆ ಗುರುಪೀಠದಲ್ಲಿದ್ದರೆ, ಗುರ್ಕಾರನು ನಮ್ಮ ಊರಿನ ದೈವದ ಹಿರಿಯನಂತೆ ಜನರ ನಡುವೆಯೇ ಇರುವವನು.

ಇಲ್ಲಿ ಭೂಗೋಲದ ಒಂದು ಮಾತನ್ನು ಗಮನಿಸಬೇಕು. ಕಡಲ ಕರೆಯಲ್ಲಿ ನಮ್ಮಂತೆ ಒತ್ತಾದ ಊರುಗಳಿಲ್ಲ. ತೆಂಗು ಹಲಸುಗಳ ಹಿತ್ತಿಲ ನಡುವೆ ಒಂದು ಮನೆ; ಗದ್ದೆಯಾಚೆಗೆ ಮತ್ತೊಂದು ಮನೆ. ಮಳೆಗಾಲದಲ್ಲಿ ಒಂದು ಮನೆಯ ಕೂಗು ಮತ್ತೊಂದಕ್ಕೆ ಕೇಳಿಸದು. ಬೇನೆಯು ಹರಡುವುದಕ್ಕೆ ಇದು ಅಡ್ಡಿಯೇ ಸರಿ. ಆದರೆ ಒಂಟಿ ಮನೆಯಲ್ಲಿ ಮಲಗಿದ ರೋಗಿಯನ್ನು ಯಾರೂ ಅರಿಯದೆ ಹೋಗುವ ಅಪಾಯವೂ ಅಷ್ಟೇ ದೊಡ್ಡದು. ಇಗರ್ಜಿಯ ಗಂಟೆ, ಗುರ್ಕಾರನ ನಡಿಗೆ, ಮರಣಾವಸ್ಥೆಯಲ್ಲಿರುವವರ ಮನೆಗೆ ಪ್ರಸಾದವನ್ನು ಹೊತ್ತು ಹೋಗುವ ಪಾದ್ರಿಯ ಪಯಣ, ಇವು ಮೂರೂ ಈ ಚದರಿದ ಮನೆಗಳನ್ನು ಒಂದು ಊರನ್ನಾಗಿ ಮಾಡಿದ್ದವು. ರೋಗಿಗಳನ್ನು ಕಾಣುವುದೂ ಸತ್ತವರನ್ನು ಹೂಳುವುದೂ ಕ್ಯಾಥೊಲಿಕ ಧರ್ಮದಲ್ಲಿ ದಯೆಯ ಏಳು ದೈಹಿಕ ಕಾರ್ಯಗಳಲ್ಲಿ ಸೇರಿದ್ದು, ಮಕ್ಕಳು ಜ್ಞಾನೋಪದೇಶದಲ್ಲಿ ಬಾಯಿಪಾಠ ಮಾಡುವ ಪಾಠಗಳಾಗಿವೆ.

ಈ ಸಮಾಜವು ದೋಷರಹಿತವಾಗಿತ್ತೆಂದು ಯಾರೂ ಭಾವಿಸಬಾರದು. ಬಾಮಣ್, ಚಾರೊಡಿ, ಸುದಿರ್ ಎಂಬ ಹಳೆಯ ಕುಲಭೇದಗಳು ಮತಾಂತರದ ನಂತರವೂ ಅಲ್ಲಿ ಬಹುಕಾಲ ಉಳಿದಿದ್ದವು. ಆದರೂ ಸಾವಿನ ಮನೆಯ ಕರ್ತವ್ಯದಲ್ಲಿ ವಾಡೊ ಒಟ್ಟಾಗಬೇಕೆಂಬ ಕಟ್ಟಳೆಯು ಆಚಾರವಾಗಿ ಬೇರೂರಿದ್ದಿತು.

೪

ಇನ್ನು ಕಥಾನಾಯಕರ ಕಡೆಗೆ ಬರೋಣ. ಆಗಸ್ಟಸ್ ಮುಲ್ಲರ್ ಎಂಬವರು ೧೮೪೧ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಹುಟ್ಟಿದವರು; ಜೆಸ್ವಿಟ ಸಂಘವನ್ನು ಸೇರಿದ ಸಂನ್ಯಾಸಿಗಳು. ಮಂಗಳೂರಿನ ಕ್ರೈಸ್ತರು ತಮಗೊಂದು ಒಳ್ಳೆಯ ಕಾಲೇಜು ಬೇಕೆಂದೂ ಅದಕ್ಕೆ ಜೆಸ್ವಿಟರನ್ನು ಕಳುಹಿಸಬೇಕೆಂದೂ ರೋಮಿಗೆ ಬಹುಕಾಲ ಬೇಡಿಕೊಂಡುದರ ಫಲವಾಗಿ, ೧೮೭೮ನೆಯ ದಶಂಬರ ೩೧ರಂದು ಆ ಸಂಘದ ಮೊದಲ ತಂಡವು ಮಂಗಳೂರಿಗೆ ಬಂದು ಇಳಿಯಿತು. ಮುಲ್ಲರರು ಆ ತಂಡದಲ್ಲಿದ್ದರು. ೧೮೮೦ನೆಯ ಜನವರಿಯಲ್ಲಿ ಸೇಂಟ ಎಲೋಷಿಯಸ ಕಾಲೇಜು ಆರಂಭವಾಯಿತು; ಮುಲ್ಲರರು ಅಲ್ಲಿ ಪಾಠ ಹೇಳತೊಡಗಿದರು.

ಪಾಠ ಹೇಳುವುದು ಅವರ ನೇಮಕವಾದ ಕೆಲಸ. ಔಷಧ ಕೊಡುವುದು ಅವರ ಒಲವಿನ ಕೆಲಸ. ಹೋಮಿಯೋಪಥಿಯ ಔಷಧಗಳ ಪೆಟ್ಟಿಗೆಯೊಂದು ಅವರ ಬಳಿಯಲ್ಲಿತ್ತು. ಮೊದಲು ತಮ್ಮ ವಿದ್ಯಾರ್ಥಿಗಳಿಗೆ, ಬಳಿಕ ಬಂದ ಬಡವರಿಗೆ, ಹೀಗೆ ಅದೇ ವರುಷದಲ್ಲಿ ಕಂಕನಾಡಿಯ ಒಂದು ಆಲದ ಮರದ ನೆರಳಿನಲ್ಲಿ ಅವರು ಔಷಧ ಕೊಡತೊಡಗಿದರೆಂದು ಅಲ್ಲಿಯ ಜನರು ಈಗಲೂ ಹೇಳುತ್ತಾರೆ. ಇದೇ ಮುಂದೆ ‘ಹೋಮಿಯೋಪಥಿಕ ಬಡವರ ಔಷಧಶಾಲೆ’ ಎಂಬ ಹೆಸರನ್ನು ಪಡೆಯಿತು.

ಆ ಔಷಧಶಾಲೆಯ ಹಣದ ವ್ಯವಸ್ಥೆಯು ತಿಳಿಯತಕ್ಕದ್ದಾಗಿದೆ. ಮುಲ್ಲರರು ಯುರೋಪಿನಿಂದ ಔಷಧಗಳ ಸಾರವನ್ನು ತರಿಸಿ, ಕಂಕನಾಡಿಯಲ್ಲಿ ಸಿದ್ಧಪಡಿಸಿ, ಅಂಚೆಯ ಮೂಲಕ ಹಿಂದುಸ್ಥಾನದ ಮೂಲೆಮೂಲೆಗಳಿಗೆ ಮಾರತೊಡಗಿದರು. ಇಟಲಿಯ ಮಟ್ಟೆಯಿ ಎಂಬವರ ಔಷಧಗಳನ್ನೂ ಅವರು ಹಂಚುತ್ತಿದ್ದರು. ದೂರದ ಊರುಗಳ ವಕೀಲರು, ಮಾಸ್ತರರು, ರೈಲ್ವೆ ನೌಕರರು ಕೊಟ್ಟ ಹಣದಿಂದ ಕಂಕನಾಡಿಯ ಬಡರೋಗಿಗೆ ಗಂಜಿಯೂ ಹಾಸಿಗೆಯೂ ಒದಗಿದವು. ದಾನವನ್ನು ಮಾತ್ರ ನಂಬಿದ ಸಂಸ್ಥೆಗಳು ದಾನಿಯ ಉತ್ಸಾಹದೊಡನೆ ಏರಿಳಿಯುವುದನ್ನು ನಾವು ನಿತ್ಯ ಕಾಣುತ್ತೇವೆ. ಮುಲ್ಲರರದು ತನ್ನ ದುಡಿಮೆಯಿಂದ ತಾನೇ ನಿಂತ ಧರ್ಮಕಾರ್ಯವಾಗಿದ್ದಿತು.

ಬಳಿಕ ಕುಷ್ಠರೋಗಿಗಳ ಸರದಿ. ಕುಷ್ಠದವರನ್ನು ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲದಲ್ಲಿ, ೧೮೯೦ರ ಸುಮಾರಿಗೆ ಅವರಿಗಾಗಿ ಸೇಂಟ ಜೋಸೆಫರ ಹೆಸರಿನ ಆಶ್ರಯವೊಂದು ಕಂಕನಾಡಿಯಲ್ಲಿ ನಿಂತಿತು. ಅದರ ಹಿಂದೆಯೇ ಸಾಮಾನ್ಯ ರೋಗಿಗಳ ಆಸ್ಪತ್ರೆಯೂ ಬೆಳೆಯಿತು. ೧೯೦೨ರಲ್ಲಿ ಪ್ಲೇಗು ಮಂಗಳೂರಿಗೆ ಬಂದಾಗ ಅದೇ ಕಂಕನಾಡಿಯಲ್ಲಿ ಪ್ಲೇಗಿನ ರೋಗಿಗಳಿಗಾಗಿ ಬೇರೊಂದು ಆಸ್ಪತ್ರೆಯು ತೆರೆಯಿತು.

ಈ ಕಾಲಾನುಕ್ರಮದಲ್ಲಿ ಇತಿಹಾಸದ ಪಾಠವೊಂದು ಅಡಗಿದೆ. ಪುಣೆಯಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಸರಕಾರವು ಪ್ಲೇಗಿನ ಡೇರೆಗಳನ್ನು ಕಟ್ಟಿದ್ದು ಪ್ಲೇಗು ಬಂದ ಮೇಲೆ. ಕಟ್ಟಿದವರು ಅಪರಿಚಿತರು, ಅವರ ಮಾತು ಅಪರಿಚಿತ, ಅಲ್ಲಿಗೆ ಹೋದವರು ತಿರುಗಿ ಬಾರರೆಂಬುದೊಂದೇ ಜನರಿಗೆ ತಿಳಿದಿದ್ದ ಸಂಗತಿ. ಕಂಕನಾಡಿಯಲ್ಲಿ ಪ್ಲೇಗಿನ ಆಸ್ಪತ್ರೆಯು ತೆರೆಯುವ ಹೊತ್ತಿಗೆ ಮುಲ್ಲರರು ಇಪ್ಪತ್ತೆರಡು ವರುಷ ಔಷಧ ಕೊಟ್ಟಿದ್ದರು. ಮಕ್ಕಳ ಜ್ವರಕ್ಕೆ, ಹೊಟ್ಟೆಯ ಶೂಲೆಗೆ, ಹುಣ್ಣಿಗೆ ಅದೇ ಬಾಗಿಲಿಗೆ ಹೋಗಿ ಬಂದವರು ಊರೆಲ್ಲ ಇದ್ದರು. ಕುಷ್ಠರೋಗಿಯನ್ನು ಮುಟ್ಟಿದ ಕೈಯು ಪ್ಲೇಗಿನವನನ್ನು ಬಿಟ್ಟೋಡದೆಂಬ ನಂಬಿಕೆಯು ಇಪ್ಪತ್ತೆರಡು ವರುಷಗಳ ಬೆಲೆ ಕೊಟ್ಟು ಸಂಪಾದಿಸಿದ್ದಾಗಿತ್ತು. ಮಹಾಮಾರಿಯ ದಿನದಲ್ಲಿ ಅಂಥ ನಂಬಿಕೆಯನ್ನು ಹೊಸದಾಗಿ ಕೊಳ್ಳಲು ಬರುವುದಿಲ್ಲ. ಮೊದಲೇ ಕೂಡಿಟ್ಟಿದ್ದರೆ ಮಾತ್ರ ಅದು ಒದಗುವುದು.

ಮುಲ್ಲರರಿಗೆ ಸರಕಾರವು ಕೈಸರ-ಇ-ಹಿಂದ ಪದಕವನ್ನು ಕೊಟ್ಟು ಮನ್ನಿಸಿತು. ೧೯೧೦ನೆಯ ನವಂಬರ ೧ರಂದು, ಸಕಲ ಸಂತರ ಹಬ್ಬದ ದಿನ, ಅವರು ತೀರಿಕೊಂಡರು. ಅವರು ನೆಟ್ಟುದು ಇಂದು ವೈದ್ಯಕೀಯ ಕಾಲೇಜನ್ನೂ ಒಳಗೊಂಡ ದೊಡ್ಡ ಸಂಸ್ಥೆಯಾಗಿದೆ.

೫

ಇಲ್ಲಿ ಸತ್ಯಕ್ಕಾಗಿ ಒಂದು ಮಾತನ್ನು ಬಿಚ್ಚಿ ಹೇಳತಕ್ಕದ್ದಿದೆ. ಮುಲ್ಲರರ ಸಕ್ಕರೆಯ ಗುಳಿಗೆಗಳಿಂದ ಪ್ಲೇಗು ಗುಣವಾಯಿತೆಂದು ಹೇಳುವುದು ಇತಿಹಾಸವಾಗದು. ಆ ಕಾಲದಲ್ಲಿ ಪ್ಲೇಗಿಗೆ ಯಾವ ಪದ್ಧತಿಯಲ್ಲಿಯೂ ನಿಶ್ಚಿತವಾದ ಔಷಧವಿರಲಿಲ್ಲ. ಗಂಟುಬೇನೆ ಹತ್ತಿದ ನೂರು ಜನರಲ್ಲಿ ಐವತ್ತಕ್ಕೂ ಮಿಕ್ಕಿ ಜನರು ಸಾಯುತ್ತಿದ್ದರು. ಬೇನೆಯು ಶ್ವಾಸಕೋಶಕ್ಕೆ ಇಳಿದರೆ ಬದುಕಿದವರೇ ಇಲ್ಲವೆನ್ನಬಹುದು. ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳು ಬಂದುದು ೧೯೪೦ರ ದಶಕದಲ್ಲಿ. ಆಗ ವೈದ್ಯನ ಕೈಯಲ್ಲಿದ್ದ ಉಪಾಯಗಳು ಎರಡೇ: ಬರುವುದಕ್ಕೆ ಮುಂಚೆ ಚುಚ್ಚುಮದ್ದು, ಇಲಿಯಿರುವ ಮನೆಯಿಂದ ದೂರ ಸರಿಯುವುದು.

ಹಾಗಾದರೆ ಕಂಕನಾಡಿಯ ಆಸ್ಪತ್ರೆಯು ಕೊಟ್ಟುದೇನು? ಶುಶ್ರೂಷೆ. ಸನ್ನಿಯಲ್ಲಿ ಎದ್ದೋಡುವವನನ್ನು ಹಿಡಿದು ಮಲಗಿಸುವುದು, ಬಾಯಾರಿದವನಿಗೆ ಗುಟುಕು ನೀರು ಹಾಕುವುದು, ಮೈಯೊರಸಿ ಬಟ್ಟೆ ಬದಲಿಸುವುದು, ಗಂಟು ಒಡೆದರೆ ತೊಳೆದು ಕಟ್ಟುವುದು, ಗಂಜಿ ಕುಡಿಸುವುದು, ಇವೇ ಪ್ಲೇಗಿನ ಶುಶ್ರೂಷೆಯ ಮುಖ್ಯ ಅಂಗಗಳಾಗಿದ್ದವು. ಬದುಕಬಹುದಾದ ರೋಗಿಯು ನೀರಿಲ್ಲದೆ ನಡುಮನೆಯಲ್ಲಿ ಸಾಯದಂತೆ ಇದು ಕಾಯುತ್ತಿತ್ತು. ಬದುಕಲಾರದವನಿಗೆ ಒಂಟಿಯಾಗಿ ಸಾಯದಿರುವ ಭಾಗ್ಯವಾದರೂ ದೊರೆಯುತ್ತಿತ್ತು. ಮನೆಯವರಿಗೆ ಇದರಿಂದ ಇನ್ನೊಂದು ಪ್ರಯೋಜನವಿತ್ತು: ರೋಗಿಯನ್ನು ಒಪ್ಪಿಸಿ ಬರಲು ಮನಸ್ಸು ಒಪ್ಪುವಂಥ ಜಾಗವೊಂದಿದ್ದರೆ ಅವರು ಬೇನೆಯನ್ನು ಮುಚ್ಚಿಡುವುದಿಲ್ಲ, ಮುಚ್ಚಿಡದಿದ್ದರೆ ಮನೆಯ ಉಳಿದವರೂ ನೆರೆಯವರೂ ಉಳಿಯುತ್ತಾರೆ. ಕರುಣೆಯು ಹೀಗೆ ಆರೋಗ್ಯಶಾಸ್ತ್ರದ ಕೆಲಸವನ್ನೂ ಮಾಡಿತು.

ಇದೇ ಬಗೆಯ ಕೆಲಸವು ಮಂಗಳೂರಿನಲ್ಲಿ ಮಾತ್ರ ನಡೆಯಲಿಲ್ಲ. ಬೆಂಗಳೂರಿನಲ್ಲಿ ಗುಡ್ ಶೆಫರ್ಡ ಸಂಘದ ಧರ್ಮಭಗಿನಿಯರು ೧೮೮೬ರಲ್ಲಿ ತೆರೆದ ಸೇಂಟ ಮಾರ್ಥಾ ಆಸ್ಪತ್ರೆಯು ಪ್ಲೇಗಿನ ಮಾರಿಗಿಂತ ಹನ್ನೆರಡು ವರುಷ ಹಿರಿದು. ನಮ್ಮ ಬೆಟಗೇರಿಯಲ್ಲಿ ೧೮೪೧ರಲ್ಲಿ ನೆಲಸಿದ ಬಾಸೆಲ್ ಮಿಶನ್ನಿನವರು ಕ್ಯಾಥೊಲಿಕರಲ್ಲ, ಪ್ರೊಟೆಸ್ಟಂಟ ಪಂಥದವರು. ಅವರು ಕಟ್ಟಿದ ದವಾಖಾನೆಯ ನೆರವನ್ನು ಪಡೆದ ಮನೆಗಳು ಗದಗಿನ ಸುತ್ತಲಿನ ಹಳ್ಳಿಗಳಲ್ಲಿ ಅಸಂಖ್ಯವಾಗಿವೆ. ನಮ್ಮ ಸೀಮೆಯ ಕ್ಯಾಥೊಲಿಕರಾದರೋ ಸಂಖ್ಯೆಯಲ್ಲಿ ಕೆಲವರೇ. ಈಗ ಇವರ ಇಗರ್ಜಿಗಳು ೧೯೫೩ರಲ್ಲಿ ಸ್ಥಾಪಿತವಾದ ಬೆಳಗಾವಿಯ ಧರ್ಮಪ್ರಾಂತಕ್ಕೆ ಸೇರಿವೆ.

ಇಂಥ ದವಾಖಾನೆಗಳ ಮೇಲೆ ಮತಾಂತರದ ಸಂಶಯವು ಆಗಲೂ ಇತ್ತು. ಈಗಲೂ ಪೂರ್ಣವಾಗಿ ಅಳಿದಿಲ್ಲ. ಆ ಸಂಶಯಕ್ಕೆ ಕಾರಣಗಳೇ ಇಲ್ಲವೆಂದು ಹೇಳುವುದೂ ಪ್ರಾಮಾಣಿಕವಾಗದು. ಧರ್ಮಪ್ರಸಾರವೂ ಸೇವೆಯೂ ಮಿಶನ್ನಿನವರ ಮನಸ್ಸಿನಲ್ಲಿ ಒಂದರೊಡನೊಂದು ಹೆಣೆದುಕೊಂಡಿದ್ದವು. ಆದರೆ ಹಾಸಿಗೆಯ ಮೇಲಿನ ರೋಗಿಯು ಆ ವಾದವನ್ನು ತೂಗಿ ನೋಡುವ ಸ್ಥಿತಿಯಲ್ಲಿರುವುದಿಲ್ಲ. ಅವನಿಗೆ ಬೇಕಾದುದನ್ನು ಕೊಟ್ಟವರ ಕಾರ್ಯವನ್ನು ಕಾರ್ಯದಿಂದಲೇ ಅಳೆಯುವುದು ನ್ಯಾಯವಾದದ್ದು.

೬

ಮಹಾಮಾರಿಯ ಎದುರಿನಲ್ಲಿ ಕ್ಯಾಥೊಲಿಕರ ಭಕ್ತಿಯು ತಾಳುವ ರೂಪವೂ ವಿಚಾರಾರ್ಹವಾದದ್ದು. ನಮ್ಮವರು ದ್ಯಾಮವ್ವ ದುರ್ಗವ್ವರಿಗೆ ಉಡಿ ತುಂಬಿ ಬೇಡಿಕೊಂಡಂತೆ, ಅವರು ಸಂತ ಸೆಬಾಸ್ಟಿಯನರನ್ನೂ ಸಂತ ರೋಕರನ್ನೂ ಬೇಡಿಕೊಳ್ಳುತ್ತಾರೆ. ಮೈತುಂಬ ಬಾಣಗಳು ನೆಟ್ಟ ಸೆಬಾಸ್ಟಿಯನರ ಮೂರ್ತಿಯನ್ನು ಕರಾವಳಿಯ ಹಲವು ಇಗರ್ಜಿಗಳಲ್ಲಿ ಕಾಣಬಹುದು. ಮಾರಿಯೆಂದರೆ ಮೇಲಿನಿಂದ ಬೀಳುವ ಬಾಣವೆಂಬ ಹಳೆಯ ಭಾವನೆಯೇ ಇದಕ್ಕೆ ಮೂಲ. ರೋಕರಾದರೋ ಪ್ಲೇಗಿನವರಿಗೆ ಶುಶ್ರೂಷೆ ಮಾಡುತ್ತ ತಾವೇ ಬೇನೆಬಿದ್ದು ಕಾಡು ಸೇರಿದರೆಂದೂ, ನಾಯಿಯೊಂದು ದಿನವೂ ಅವರಿಗೆ ರೊಟ್ಟಿಯನ್ನು ತಂದುಕೊಟ್ಟಿತೆಂದೂ ಐತಿಹ್ಯವಿದೆ.

ಮಂಗಳೂರಿಗೆ ಇವರಿಗಿಂತ ಹತ್ತಿರದ ಸಂತರೊಬ್ಬರಿದ್ದಾರೆ. ಅಲ್ಲಿಯ ಕಾಲೇಜಿಗೆ ಯಾರ ಹೆಸರನ್ನಿಟ್ಟರೋ ಆ ಎಲೋಷಿಯಸ ಗೊನ್ಜಾಗರು ಇಟಲಿಯ ಒಂದು ಸಂಸ್ಥಾನದ ಹಿರಿಯ ಮಗನಾಗಿ ೧೫೬೮ರಲ್ಲಿ ಹುಟ್ಟಿ, ದೊರೆತನವನ್ನು ತಮ್ಮನಿಗೆ ಬಿಟ್ಟು ಜೆಸ್ವಿಟ ಸಂಘವನ್ನು ಸೇರಿದರು. ೧೫೯೧ರಲ್ಲಿ ರೋಮಾ ನಗರಕ್ಕೆ ಮಾರಿ ಬಂದಾಗ, ಬೀದಿಯಲ್ಲಿ ಬಿದ್ದವರನ್ನು ಹೊತ್ತು ಆಸ್ಪತ್ರೆಗೆ ಸೇರಿಸುತ್ತ, ಅದೇ ಬೇನೆಯು ತಗಲಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಟಲಿಯ ಚಿತ್ರಕಾರರಾದ ಅಂತೋನಿಯೊ ಮೊಸ್ಕೇನಿಯವರು ಹತ್ತೊಂಬತ್ತನೆಯ ಶತಕವು ಮುಗಿಯುವ ಹೊತ್ತಿನಲ್ಲಿ ಮಂಗಳೂರಿನ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ ಮಾಳಿಗೆಗಳ ಮೇಲೆ ಈ ಸಂತರ ಚರಿತ್ರೆಯನ್ನು ಬಣ್ಣಗಳಲ್ಲಿ ಬರೆದರು. ಚಿತ್ರಗಳ ಬಣ್ಣವು ಹೊಸದಾಗಿದ್ದ ದಿನಗಳಲ್ಲಿಯೇ, ಮುನ್ನೂರು ವರುಷದ ಹಿಂದೆ ಆ ಸಂತರನ್ನು ಕೊಂಡೊಯ್ದ ಮಾರಿಯ ಹೆಸರೇ ಮಂಗಳೂರಿನ ಬೀದಿಗಳಲ್ಲಿ ಕೇಳಿಬಂತು.

ದೇವರ ಸೇವೆಗೂ ಸಾಂಕ್ರಾಮಿಕದ ನಿಯಮಕ್ಕೂ ವಿರೋಧ ಬಂದಾಗ ಏನು ಮಾಡಬೇಕೆಂಬ ಪ್ರಶ್ನೆಯೂ ಈ ಧರ್ಮದಲ್ಲಿ ಹಳೆಯದು. ೧೫೭೬ರಲ್ಲಿ ಮಿಲಾನ್ ನಗರದಲ್ಲಿ ಮಾರಿ ಹೊಕ್ಕು ಜನರು ಮನೆಗಳಲ್ಲಿ ಬಂಧಿತರಾದಾಗ, ಅಲ್ಲಿಯ ಆರ್ಚಬಿಷಪರಾದ ಚಾರ್ಲ್ಸ್ ಬೊರೊಮೆಯೊ ಅವರು ಬೀದಿಗಳು ಕೂಡುವಲ್ಲಿ ವೇದಿಕೆಗಳನ್ನು ಹಾಕಿಸಿ, ಜನರು ತಮ್ಮ ಕಿಟಕಿಗಳಿಂದಲೇ ಪೂಜೆಯನ್ನು ಕಾಣುವಂತೆ ಮಾಡಿದರು. ೨೦೨೦ರಲ್ಲಿ ಕೋವಿಡ ಬಂದು ಮಾರ್ಚ ೨೫ರಿಂದ ದೇಶವೇ ಮುಚ್ಚಿದಾಗ ಈ ಸಂಗತಿಯು ಅನೇಕರಿಗೆ ನೆನಪಾಯಿತು. ಎರಡು ದಿನಗಳ ನಂತರ, ಪೋಪ ಫ್ರಾನ್ಸಿಸರು ಮಳೆಯಲ್ಲಿ ನೆನೆದ ಬರಿದಾದ ಅಂಗಳದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದರು. ಅವರ ಬಳಿಯಲ್ಲಿದ್ದುದು ೧೫೨೨ರ ಮಾರಿಯ ಕಾಲದಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆ ಮಾಡಿದ ಮರದ ಶಿಲುಬೆ. ಆ ವರುಷದ ಈಸ್ಟರ ಹಬ್ಬವನ್ನು ನಮ್ಮ ನಾಡಿನ ಕ್ರೈಸ್ತರೂ ಮನೆಯಲ್ಲಿಯೇ, ಯಂತ್ರದ ಪರದೆಯ ಮುಂದೆ ಕುಳಿತು ಆಚರಿಸಬೇಕಾಯಿತು. ಮಿಲಾನಿನ ಕಿಟಕಿಯ ಸ್ಥಾನದಲ್ಲಿ ಈ ಪರದೆಯು ಬಂದಿತು, ಅಷ್ಟೆ.

೭

ಕೋವಿಡಿನ ಆ ಎರಡು ವರುಷಗಳು ಪ್ಲೇಗಿನ ಕಾಲದ ಪ್ರಶ್ನೆಗಳನ್ನೆಲ್ಲ ನಮ್ಮ ಮುಂದೆ ತಿರುಗಿ ತಂದು ನಿಲ್ಲಿಸಿದವು. ೧೮೯೭ರ ಅದೇ ಕಾನೂನನ್ನು ೨೦೨೦ರಲ್ಲಿ ಸರಕಾರವು ಹೊರತೆಗೆಯಿತು. ರೋಗಿಯಿದ್ದ ಮನೆಗೆ ಚೀಟಿ ಅಂಟಿಸಿದರು. ನ೟ರೆಯವರು ಬಾಗಿಲು ಹಾಕಿಕೊಂಡರು. ತಂದೆಯ ಹೆಣವನ್ನು ಮಕ್ಕಳು ಮುಟ್ಟಲಾರದೆ ದೂರ ನಿಂತರು. ಕೆಲವೆಡೆ ಸ್ಮಶಾನದಲ್ಲಿ ಜಾಗ ಕೊಡೆವೆಂದು ಜನರು ಅಡ್ಡಗಟ್ಟಿದರು. ಪ್ಲೇಗಿನ ಕಾಲಕ್ಕಿಂತ ನಾವು ವಿದ್ಯಾವಂತರು. ಆದರೂ ಹೆಣಕ್ಕೆ ಹೆಗಲು ಕೊಡುವವರಾರು ಎಂಬ ಪ್ರಶ್ನೆಯು ಹಾಗೆಯೇ ಉಳಿದಿತ್ತು.

ಬೆಂಗಳೂರಿನ ಕ್ಯಾಥೊಲಿಕ ಆರ್ಚಡಯಾಸಿಸಿನ ಆಶ್ರಯದಲ್ಲಿ ‘ಹಿಯರ್ ಐ ಆ್ಯಮ್’ ಎಂಬ ಹೆಸರಿನ ಸ್ವಯಂಸೇವಕರ ತಂಡವೊಂದು ಆಗ ಮುಂದೆ ಬಂತು. ‘ಇಗೋ, ನಾನಿದ್ದೇನೆ’ ಎಂಬುದು ಅದರ ಅರ್ಥ. ದೇವರು ಕರೆದಾಗ ಭಕ್ತನು ಕೊಡುವ ಉತ್ತರವಾಗಿ ಬೈಬಲಿನಲ್ಲಿ ಮತ್ತೆ ಮತ್ತೆ ಬರುವ ಮಾತು ಅದು. ಪಾದ್ರಿಗಳೂ ತರುಣ ತರುಣಿಯರೂ ಸೇರಿದ್ದ ಆ ತಂಡದವರು ಮೈಮುಚ್ಚುವ ಉಡುಪನ್ನು ತೊಟ್ಟು, ಕೋವಿಡಿನಿಂದ ಸತ್ತವರನ್ನು ಆಸ್ಪತ್ರೆಯಿಂದ ಒಯ್ದು, ಮರ್ಯಾದೆಯಿಂದ ಮಣ್ಣು ಮಾಡಿದರು. ಅವರ ಸೇವೆಯು ಕ್ರೈಸ್ತರ ಹೆಣಗಳಿಗೆ ಮಾತ್ರ ಮೀಸಲಾಗಿರಲಿಲ್ಲ. ಅದೇ ನಗರದಲ್ಲಿ ಮುಸಲ್ಮಾನ ತರುಣರ ತಂಡಗಳೂ ಎಲ್ಲ ಮತದವರ ಹೆಣಗಳಿಗೆ ಹೆಗಲು ಕೊಟ್ಟವು. ದಯೆಯ ಏಳನೆಯ ಕಾರ್ಯವೆಂದು ಜ್ಞಾನೋಪದೇಶದಲ್ಲಿ ಬಾಯಿಪಾಠ ಮಾಡಿದ ಮಾತು ಸ್ಮಶಾನದಲ್ಲಿ ಹೀಗೆ ಕೃತಿಗೆ ಇಳಿಯಿತು.

ಈ ಇತಿಹಾಸವನ್ನು ಗದಗ ಸೀಮೆಯ ವಾಚಕರ ಮುಂದಿಟ್ಟುದಕ್ಕೆ ಕಾರಣವಿಷ್ಟೇ. ನಮ್ಮಲ್ಲಿಯೂ ಮಠಗಳ ದಾಸೋಹವಿದೆ, ಓಣಿಯ ಹಿರಿಯರಿದ್ದಾರೆ, ಸಾವಿನ ಮನೆಗೆ ನೆರೆಯವರು ಬುತ್ತಿ ಕಟ್ಟಿ ಕಳುಹಿಸುವ ಸತ್ಸಂಪ್ರದಾಯವಿದೆ. ಇವುಗಳನ್ನು ಹಳೆಯ ಕಾಲದ ಉಳಿಕೆಗಳೆಂದು ಎಣಿಸಿ ಸವೆಯಗೊಟ್ಟರೆ, ಮುಂದಿನ ಮಾರಿಯ ದಿನದಲ್ಲಿ ಸರಕಾರದ ವಾಹನವೊಂದೇ ನಮಗೆ ಉಳಿಯುವುದು. ಕಂಕನಾಡಿಯ ಪಾದ್ರಿಗಳು ಆಲದ ಮರದ ಕೆಳಗೆ ಔಷಧದ ಪೆಟ್ಟಿಗೆಯನ್ನು ಬಿಚ್ಚಿದಾಗ ಪ್ಲೇಗು ಅವರ ಕಲ್ಪನೆಯಲ್ಲಿಯೂ ಇರಲಿಲ್ಲ. ಅವರು ಅಂದಿನ ರೋಗಿಯನ್ನು ಅಂದೇ ನೋಡಿದರು. ಇಪ್ಪತ್ತೆರಡು ವರುಷ ಹಾಗೆ ನೋಡಿದ್ದರಿಂದಲೇ, ಮಾರಿ ಬಂದ ದಿನ ಜನರಿಗೆ ಯಾವ ಬಾಗಿಲನ್ನು ತಟ್ಟಬೇಕೆಂಬುದು ಗೊತ್ತಿತ್ತು. ನಮ್ಮ ಊರುಗಳಲ್ಲಿಯೂ ಅಂಥ ಬಾಗಿಲೊಂದು ಯಾವಾಗಲೂ ತೆರೆದಿರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.